ಮಗನಿಗೆ ಐಕ್ಯೂ ಟೆಸ್ಟ್ ಮಾಡಿಸಿ ಅಂತಾರೆ, ಮಾಡಿಸಬೇಕಾ?

ಚಿಕ್ಕಬಳ್ಳಾಪುರದಿಂದ ಕೇಳಿದ್ದು: ಮಗ ಮೂರನೇ ಕ್ಲಾಸು. ಬಾಯಲ್ಲಿ ಕೇಳಿದರೆ ಪಟಪಟ ಹೇಳುತ್ತಾನೆ, ಪುಸ್ತಕ ತೆಗೆದರೆ ಅಳು. ಶಾಲೆಯವರು ಐಕ್ಯೂ ಟೆಸ್ಟ್, ಅಂದರೆ ಬುದ್ಧಿಮಟ್ಟ ಅಳೆಯುವ ಪರೀಕ್ಷೆ, ಮಾಡಿಸಿ ಅಂತಿದ್ದಾರೆ. ನಂಬರ್ ಕಡಿಮೆ ಬಂದರೆ ಟೀಸಿ ಕೊಟ್ಟುಬಿಡುತ್ತಾರೇನೋ ಅಂತ ಭಯ. ಮಾಡಿಸಿದವರು ಹೇಳಿ.

ಚಿಂತಾಮಣಿ ಕಡೆಯ ತಾಯಿ: ಮಾಡಿಸಿ ಅಕ್ಕಾ, ಆದರೆ ಮೊದಲು ಕಣ್ಣು, ಕಿವಿ ತೋರಿಸಿಬಿಡಿ. ನಮ್ಮ ಮಗಳದ್ದೂ ಇದೇ ಕಥೆ. ಎದುರಿಗೆ ಕೂರಿಸಿಕೊಂಡು ಬ್ಲಾಕ್ ಜೋಡಿಸು, ಅಂಕಿ ಹಿಂದಿನಿಂದ ಹೇಳು, ಈ ಪದಕ್ಕೆ ಅರ್ಥ ಏನು ಅಂತೆಲ್ಲ ಕೇಳುತ್ತಾರೆ. ನಮ್ಮ ಮನೆಮಾತು ತೆಲುಗು, ಶಾಲೆ ಇಂಗ್ಲಿಷು, ಮೊದಲು ಹೋದ ಕಡೆ ಕೇಳಿದ್ದು ಕನ್ನಡದಲ್ಲಿ, ಗೊತ್ತಿರುವ ಉತ್ತರಕ್ಕೂ ಮಾತು ಸಿಗದೆ ಸುಮ್ನೆ ಕೂತಳು. ಆಮೇಲೆ ತೆಲುಗು ಬರುವವರು ಮಾಡಿದಾಗ ಮಾತಿನ ಭಾಗದ ನಂಬರೇ ಬೇರೆ ಬಂತು. ಬಾಗೇಪಲ್ಲಿ, ಚಿಂತಾಮಣಿ ಕಡೆಯವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ. 100 ಅಂದರೆ ಸರಾಸರಿ, ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಇರುತ್ತಾರೆ, ನಮ್ಮವಳೂ ಅಲ್ಲೇ. ಮತ್ತೆ ಓದೋಕೆ ಯಾಕೆ ಬರುವುದಿಲ್ಲ? ಅದನ್ನು ಐಕ್ಯೂ ಹೇಳುವುದಿಲ್ಲ. ಓದು, ಬರಹ, ಲೆಕ್ಕಕ್ಕೆ ಬೇರೆ ಟೆಸ್ಟ್ ಮಾಡಿದ ಮೇಲೇ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದರೂ ಅಕ್ಷರ ಓದೋಕೆ ಕಷ್ಟವಾಗುವ ಕಲಿಕೆಯ ತೊಂದರೆ, ಅಂತ ಗೊತ್ತಾಗಿದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ, ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಜಾಸ್ತಿ ಸಮಯ ಸಿಗುತ್ತದೆ.

ಗೌರಿಬಿದನೂರಿನ ಮೇಷ್ಟ್ರು: ಟೀಸಿ ಭಯ ಬಿಡಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಪ್ಯಾರಿಸ್‌ನಲ್ಲಿ ಬಿನೆ ಮತ್ತು ಸಿಮೊನ್ ಅಂತ ಇಬ್ಬರು 1905ರಲ್ಲಿ ಇಂಥ ಟೆಸ್ಟ್ ಮಾಡಿದ್ದೇ ಯಾವ ಮಗುವಿಗೆ ಜಾಸ್ತಿ ಸಹಾಯ ಬೇಕು ಅಂತ ತಿಳಿಯೋಕೆ. ಕೆಲವು ಶಾಲೆಗಳು ಕೈ ತೊಳೆದುಕೊಳ್ಳೋಕೆ ಬಳಸುತ್ತವೆ, ಅದಕ್ಕೇ ಸಿಟ್ಟು ಬರುವುದು. ಯಾವ ಟೆಸ್ಟ್ ಅಂತಲೂ ಕೇಳಿ. ಬಿನೆ-ಕಾಮತ್ ಅಂತ ಒಂದಿದೆ, ವಿ. ವಿ. ಕಾಮತ್ 1934ರಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು. ಒಳ್ಳೇ ಕೆಲಸವೇ, ಆದರೆ ಅಳತೆ ಹಳೇದಾದಷ್ಟೂ ನಂಬರ್ ಉಬ್ಬಿ ಬರುತ್ತದೆ.

ಶಿಡ್ಲಘಟ್ಟದಿಂದ: ಬೆರಳಚ್ಚು ನೋಡಿ ಬುದ್ಧಿ ಎಷ್ಟು ಅಂತ ಹೇಳುವವರ ಹತ್ತಿರ ಹೋಗಬೇಡಿ, ದುಡ್ಡು ದಂಡ. ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟೇ ಬೇಕು.

ಚಿಂತಾಮಣಿ ತಾಯಿ ಮತ್ತೆ: ಹೌದು. ನಿಮ್ಹಾನ್ಸ್‌ಗೆ ಹೋದರೂ ಬೇರೆ ಕಡೆ ಹೋದರೂ ಶಾಲೆಯ ನೋಟ್‌ಬುಕ್ ತಗೊಂಡು ಹೋಗಿ. ಜ್ವರ ಇದ್ದ ದಿನ, ನಿದ್ದೆಗೆಟ್ಟ ದಿನ ಬೇಡ. ರಿಪೋರ್ಟಿನಲ್ಲಿ ಬರೀ ನಂಬರ್ ಇದ್ದರೆ ಎದ್ದು ಬರಬೇಡಿ. ಯಾವುದರಲ್ಲಿ ಮುಂದೆ, ಯಾವುದರಲ್ಲಿ ಹಿಂದೆ, ಶಾಲೆಯವರು ಏನು ಮಾಡಬೇಕು ಅಂತ ಬರೆಸಿಕೊಳ್ಳಿ.