ಅಪ್‌ಡೇಟ್: ಪಾಲಿಕೆಯ ಕನ್ನಡ ಶಾಲೆ ಚೆನ್ನಾಗಿದೆಯಾ ಅಂತ ನೋಡೋದು ಹೇಗೆ?

ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗೆ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸುವ ಮುಂಚೆ ಏನೇನು ನೋಡಬೇಕು ಅಂತ ಕೇಳಿದ್ದೆ. ನಿಮ್ಮ ಸಲಹೆಗಳಲ್ಲಿ ಕೆಲಸಕ್ಕೆ ಬಂದವು ಇವು.

ಯುಡೈಸ್ ಪ್ಲಸ್‌ನಲ್ಲಿ (ಶಾಲೆಗಳ ಮಾಹಿತಿ ಇರುವ ಕೇಂದ್ರ ಸರ್ಕಾರದ ವೆಬ್‌ಸೈಟ್) ಶಾಲೆಯ 11 ಅಂಕಿಯ ಕೋಡ್ ಹಾಕಿದರೆ ಮಕ್ಕಳು, ಶಿಕ್ಷಕರು, ಕೊಠಡಿ, ಶೌಚಾಲಯದ ಲೆಕ್ಕ ಸಿಗುತ್ತದೆ. ಆದರೆ ಅದು ಶಾಲೆಯವರೇ ತುಂಬಿದ್ದು. ನೀರು ಬರುತ್ತದಾ ಅಂತ ಶಾಲೆಗೆ ಹೋಗಿ ನಲ್ಲಿ ತಿರುಗಿಸಿಯೇ ನೋಡಬೇಕು.

ಶಿಕ್ಷಕರ ಅನುಪಾತವನ್ನು ಮಾತ್ರ ನಂಬಬೇಡಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಐದನೇ ಕ್ಲಾಸಿನವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿದ್ದರೆ ಆಯಿತು. ಮಕ್ಕಳು ಕಮ್ಮಿಯಿದ್ದರೆ ಅನುಪಾತ ಚೆಂದ ಕಾಣುತ್ತದೆ, ಒಬ್ಬರೇ ಟೀಚರ್ ಮೂರು ಕ್ಲಾಸ್ ಒಟ್ಟಿಗೆ ಸಂಭಾಳಿಸುತ್ತಿರುತ್ತಾರೆ. ‘ಎರಡನೇ ಕ್ಲಾಸು ಯಾರ ಜತೆ ಕೂರುತ್ತದೆ?’ ಅಂತ ನೇರವಾಗಿ ಕೇಳಿ.

ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಓದಿನದು. ಮೂರನೇ ಕ್ಲಾಸಿನ ಮಗುವಿಗೆ ಎರಡನೇ ಕ್ಲಾಸಿನ ಪಠ್ಯಪುಸ್ತಕದ ನಡುವಿನ ಪುಟ ಕೊಡಿ, ಮೊದಲ ಪಾಠ ಬೇಡ, ಅದು ಬಾಯಿಪಾಠ ಆಗಿರುತ್ತದೆ. ಒತ್ತಕ್ಷರದಲ್ಲಿ ತಡವರಿಸಿದರೆ ಪರವಾಗಿಲ್ಲ, ಓದಿದ್ದು ಏನೆಂದು ಹೇಳಬೇಕು. ಆಮೇಲೆ 52ರಲ್ಲಿ 27 ಕಳೆಯಲಿ. 35 ಬಂದರೆ ಹತ್ತರ ಸ್ಥಾನದಿಂದ ಸಾಲ ತೆಗೆದುಕೊಳ್ಳುವುದು ತಿಳಿದಿಲ್ಲ ಎಂದರ್ಥ. ನೋಟ್‌ಬುಕ್‌ನಲ್ಲಿ ಬೋರ್ಡ್ ನೋಡಿ ಬರೆದದ್ದಕ್ಕೆ ಬಿದ್ದ ಟಿಕ್ ಲೆಕ್ಕಕ್ಕಿಲ್ಲ. ಮಗು ಸ್ವಂತವಾಗಿ ಬರೆದ ವಾಕ್ಯ ಹುಡುಕಿ.

ಮರಾಠಿ ಕಡ್ಡಾಯ ವಿಷಯ. ಅದನ್ನು ಯಾರು ಕಲಿಸುತ್ತಾರೆ, ಪ್ರಾಥಮಿಕ ಮುಗಿದ ಮೇಲೆ ಕನ್ನಡ ಹೈಸ್ಕೂಲ್ ಎಲ್ಲಿದೆ ಎಂಬುದನ್ನೂ ಈಗಲೇ ವಿಚಾರಿಸಿ.