ನಾಯಿಮರಿಗೆ ಜಂತುಹುಳದ ಔಷಧಿ: ಯಾವುದು, ಎಷ್ಟು, ಯಾವಾಗ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಆರು ವಾರದ ನಾಯಿಮರಿ ತಂದಿದ್ದೇವೆ. ಮೈ ಸಣ್ಣಗಿದೆ, ಹೊಟ್ಟೆ ಮಾತ್ರ ಉಬ್ಬಿಕೊಂಡಿದೆ. ಕೊಟ್ಟವರು ಜಂತುಹುಳದ ಔಷಧಿ ಹಾಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ದೊಡ್ಡ ನಾಯಿಯೂ ಇದೆ, ಅದರ ಮಾತ್ರೆಯನ್ನೇ ಕಾಲು ಭಾಗ ಮುರಿದು ಕೊಡಬಹುದಾ? ಇಷ್ಟು ಚಿಕ್ಕ ಮರಿಗೆ ಯಾವ ಔಷಧಿ ಸೇಫ್?

ವೈದ್ಯರು: ನಮಸ್ಕಾರ. ಕಾಲು ಮಾತ್ರೆ ಬೇಡ. ಅಂದಾಜಿನ ತುಂಡಿನಲ್ಲಿ ಔಷಧಿ ಎಷ್ಟು ಹೋಯಿತು ಅಂತ ಹೇಳಲು ಆಗುವುದಿಲ್ಲ. ಜೊತೆಗೆ ದೊಡ್ಡ ನಾಯಿಗಳ ಕೆಲವು ಮಾತ್ರೆಗಳಲ್ಲಿ ಮರಿಗೆ ಬೇಡದ್ದೂ ಇರುತ್ತದೆ.

ಕೊಟ್ಟವರು ಔಷಧಿ ಹಾಕಿಲ್ಲ ಅಂತಲೇ ಇಟ್ಟುಕೊಳ್ಳಿ. ಮರಿಗಳಿಗೆ ಹುಳು ಹೊರಗಿನಿಂದಲೇ ಬರಬೇಕು ಅಂತೇನಿಲ್ಲ. ತಾಯಿಯ ಮೈಯಲ್ಲಿ ಸುಮ್ನೆ ಮಲಗಿದ್ದ ದುಂಡುಹುಳದ ಮರಿಗಳು ಬಸುರಿನಲ್ಲಿ ಎಚ್ಚೆತ್ತು ಗರ್ಭದೊಳಗೇ ಮರಿಗೆ ದಾಟುತ್ತವೆ. ಕೊಕ್ಕೆಹುಳು ಹಾಲಿನಲ್ಲಿ ಬರುತ್ತದೆ. ಅದಕ್ಕೇ ಮರಿಗೆ ಎರಡು ವಾರ ತುಂಬಿದಾಗಲೇ ಮೊದಲ ಡೋಸ್ ಶುರು. ಆಮೇಲೆ ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ, ಅಲ್ಲಿಂದ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ನಿಮ್ಮ ಮರಿಗೆ ಈಗಲೇ ಕೊಡಬೇಕು, ಎರಡು ವಾರ ಬಿಟ್ಟು ಮತ್ತೆ ಕೊಡಬೇಕು. ಒಂದೇ ಸಲ ಕೊಟ್ಟರೆ ಸಾಲದು: ಔಷಧಿ ಕರುಳಿನಲ್ಲಿರುವ ಹುಳವನ್ನು ಕೊಲ್ಲುತ್ತದೆ, ಇನ್ನೂ ಯಕೃತ್ತು, ಶ್ವಾಸಕೋಶಗಳಲ್ಲಿ ಓಡಾಡುತ್ತಿರುವವು ಉಳಿದುಕೊಂಡು ಆಮೇಲೆ ಕರುಳಿಗೆ ಇಳಿಯುತ್ತವೆ.

ಈ ವಯಸ್ಸಿಗೆ ನಾನು ಮೊದಲು ನೋಡುವುದು ಪೈರಾಂಟೆಲ್ ಸಿರಪ್. ಅದು ಕರುಳಿನಲ್ಲೇ ಕೆಲಸ ಮುಗಿಸುತ್ತದೆ, ರಕ್ತಕ್ಕೆ ಹೋಗುವುದು ಬಹಳ ಕಡಿಮೆ. ದುಂಡುಹುಳು, ಕೊಕ್ಕೆಹುಳು ಎರಡಕ್ಕೂ ಆಗುತ್ತದೆ. ಇನ್ನೊಂದು ಫೆನ್‌ಬೆಂಡಜೋಲ್, ಇದನ್ನು ಸಾಮಾನ್ಯವಾಗಿ ಮೂರು ದಿನ ಸತತವಾಗಿ ಕೊಡುತ್ತೇವೆ. ಚಾಟಿಹುಳಕ್ಕೂ ಇದು ಒಳ್ಳೆಯದು. ಮೂರನೇ ದಿನ ಮರೆತುಬಿಡುವವರೇ ಜಾಸ್ತಿ!

ಪ್ರಶ್ನೆ: ಥ್ಯಾಂಕ್ಸ್ ಡಾಕ್ಟ್ರೇ. ಪೈರಾಂಟೆಲ್ ಆದರೆ ಎಷ್ಟು ಮಿ.ಲೀ.? ಮರಿ ತೂಕ 2 ಕೆ.ಜಿ.

ವೈದ್ಯರು: ಮಿ.ಲೀ. ಲೆಕ್ಕ ಇಲ್ಲಿ ಹೇಳುವುದಿಲ್ಲ. ಯಾಕೆ ಅಂತ ನೋಡಿ. ನಾಯಿಗೆ ಸಾಮಾನ್ಯ ಲೆಕ್ಕ ಕೆ.ಜಿ.ಗೆ 5 ಮಿ.ಗ್ರಾಂ. ಅಂದರೆ ನಿಮ್ಮ ಮರಿಗೆ 10 ಮಿ.ಗ್ರಾಂ. ಆದರೆ ಒಂದು ಮಿ.ಲೀ.ನಲ್ಲಿ ಸುಮಾರು 4.5 ಮಿ.ಗ್ರಾಂ ಇರುವ ಸಿರಪ್ ಇದೆ, 50 ಮಿ.ಗ್ರಾಂ ಇರುವುದೂ ಇದೆ. ಮೊದಲನೆಯದಾದರೆ ಸುಮಾರು 2.2 ಮಿ.ಲೀ., ಎರಡನೆಯದಾದರೆ ಬರೀ 0.2 ಮಿ.ಲೀ. ಔಷಧಿಯ ಹೆಸರು ಒಂದೇ, ವ್ಯತ್ಯಾಸ ಹತ್ತು ಪಟ್ಟಿಗಿಂತ ಜಾಸ್ತಿ. ಪಕ್ಕದ ಮನೆಯವರು ಅವರ ಮರಿಗೆ ಎರಡು ಮಿ.ಲೀ. ಕೊಟ್ಟರು ಅಂತ ನೀವೂ ಕೊಡಬೇಡಿ. ಲೇಬಲ್ ಫೋಟೋ ತೆಗೆದು, ಮರಿಯನ್ನು ಅವತ್ತೇ ತೂಗಿ, ನಿಮ್ಮ ಡಾಕ್ಟರಿಗೆ ಎರಡನ್ನೂ ತೋರಿಸಿ. ಎರಡು ವಾರ ಕಳೆದ ಮೇಲೆ ಮತ್ತೆ ತೂಗಬೇಕು, ಈ ವಯಸ್ಸಿನಲ್ಲಿ ತೂಕ ಬೇಗ ಏರುತ್ತದೆ.

ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ. ಔಷಧಿ ತಳದಲ್ಲಿ ಗಸಿಯಾಗಿ ಕೂತಿರುತ್ತದೆ. ಅಲ್ಲಾಡಿಸದೆ ಮೇಲಿಂದ ಎಳೆದರೆ ಮೊದಲ ಮರಿಗೆ ಬರೀ ನೀರು ಹೋಗುತ್ತದೆ, ಕೊನೆಯ ಮರಿಗೆ ಎಲ್ಲರ ಪಾಲೂ ಹೋಗುತ್ತದೆ. ಸೂಜಿ ತೆಗೆದ 1 ಮಿ.ಲೀ. ಸಿರಿಂಜ್ ತಗೊಳ್ಳಿ. ಬಾಯಿಯ ಪಕ್ಕದಿಂದ, ಕೆನ್ನೆಯ ಒಳಕ್ಕೆ ತುದಿ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಿ, ಮರಿ ನುಂಗಲಿ. ತಲೆ ಮೇಲೆತ್ತಿ ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿಯಬಹುದು.

ಸದಸ್ಯರೊಬ್ಬರು: ಇಷ್ಟೆಲ್ಲ ಯಾಕೆ? ಐವರ್‌ಮೆಕ್ಟಿನ್ ಒಂದು ಹನಿ ಸಾಕು. ದನಕ್ಕೆ ತಂದ ಇಂಜೆಕ್ಷನ್ನೇ ನಾವು ನಾಯಿಗೂ ಬಾಯಿಗೆ ಹಾಕುತ್ತೇವೆ. ಹುಳು, ಉಣ್ಣೆ ಎಲ್ಲ ಕ್ಲೀನ್.

ವೈದ್ಯರು: ದಯವಿಟ್ಟು ಇದನ್ನು ಯಾರೂ ಅನುಸರಿಸಬೇಡಿ. ಆ ಒಂದು ಹನಿಯ ಲೆಕ್ಕವನ್ನೇ ನೋಡೋಣ. ದನದ 1 ಶೇಕಡಾ ಇಂಜೆಕ್ಷನ್‌ನಲ್ಲಿ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ಒಂದು ಹನಿ 0.05 ಮಿ.ಲೀ. ಅಂದುಕೊಂಡರೂ 500 ಮೈಕ್ರೋಗ್ರಾಂ. ಹೃದಯಹುಳು ತಡೆಯಲು ನಾಯಿಗೆ ತಿಂಗಳಿಗೊಮ್ಮೆ ಕೊಡುವುದು ಕೆ.ಜಿ.ಗೆ 6 ಮೈಕ್ರೋಗ್ರಾಂ. 10 ಕೆ.ಜಿ. ನಾಯಿಗೇ 60 ಸಾಕು. 2 ಕೆ.ಜಿ. ಮರಿಗೆ ನಿಮ್ಮ ಒಂದು ಹನಿ ಎಷ್ಟಾಯಿತು ನೋಡಿ.

ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ಮುಂತಾದ ತಳಿಗಳಲ್ಲಿ ಎಂಡಿಆರ್1 ಎಂಬ ಜೀನ್‌ನ ದೋಷ ಇರಬಹುದು, ಅವುಗಳ ಬೆರಕೆಯಲ್ಲೂ ಇರಬಹುದು. ಅಂಥ ನಾಯಿಗಳಲ್ಲಿ ಈ ಔಷಧಿ ಮಿದುಳಿನೊಳಗೆ ಸೇರಿ ಅಲ್ಲೇ ನಿಲ್ಲುತ್ತದೆ. ಕಣ್ಣಿನ ಪಾಪೆ ಅಗಲವಾಗುತ್ತದೆ, ನಾಯಿ ತೂರಾಡುತ್ತದೆ, ಜೊಲ್ಲು ಸುರಿಸುತ್ತದೆ, ಪ್ರಜ್ಞೆಯೂ ಹೋಗಬಹುದು. ಇದಕ್ಕೆ ನೇರ ಪ್ರತಿವಿಷ ಇಲ್ಲ. ಈ ಮೂಲಕ ತಿಳಿಸುವುದೇನೆಂದರೆ, ಐವರ್‌ಮೆಕ್ಟಿನ್ ಕೆಟ್ಟ ಔಷಧಿ ಅಲ್ಲ, ದನದ ಬಾಟಲಿಯಿಂದ ನಾಯಿಗೆ ಹಾಕುವುದು ಕೆಟ್ಟ ಪದ್ಧತಿ. ಮೊದಲಿನ ನಾಯಿಗೆ ಏನೂ ಆಗಲಿಲ್ಲ ಅಂದರೆ ಅದರ ಜೀನ್ ಚೆನ್ನಾಗಿತ್ತು, ಅಷ್ಟೇ.

ಪ್ರಶ್ನೆ: ಬೆಳ್ಳುಳ್ಳಿ ಕೊಟ್ಟರೆ ಹುಳು ಹೋಗುತ್ತಲ್ವಾ?

ವೈದ್ಯರು: ಹೋಗಲ್ಲ. ಮೇಲಾಗಿ ಜಾಸ್ತಿಯಾದರೆ ನಾಯಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ಕೊಕ್ಕೆಹುಳು ಮೊದಲೇ ರಕ್ತ ಹೀರುತ್ತಿರುವಾಗ ಇದೊಂದು ಬೇರೆ ಬೇಕಾ?

ಇನ್ನೊಬ್ಬ ಸದಸ್ಯರು: ಡಾಕ್ಟ್ರೇ, ನಮ್ಮ ನಾಯಿಗೆ ಪ್ರತಿ ಮೂರು ತಿಂಗಳಿಗೂ ಮಾತ್ರೆ ಹಾಕುತ್ತೇವೆ. ಆದರೂ ಬಾಲದ ಹತ್ತಿರ ಅಕ್ಕಿಕಾಳಿನ ಹಾಗೆ ಬಿಳಿ ಚೂರುಗಳು ಅಂಟಿರುತ್ತವೆ. ಔಷಧಿ ನಕಲಿನಾ?

ವೈದ್ಯರು: ನಕಲಿ ಇರಲಿಕ್ಕಿಲ್ಲ. ಅವು ಲಾಡಿಹುಳದ ತುಂಡುಗಳು. ಹೊಸದಾಗಿ ಬಿದ್ದ ಚೂರನ್ನು ಗಮನಿಸಿ, ನಿಧಾನಕ್ಕೆ ಹಿಗ್ಗಿ ಕುಗ್ಗುತ್ತಿರುತ್ತದೆ. ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ, ಪ್ರಾಜಿಕ್ವಾಂಟೆಲ್ ಅಂತ ಬರೆದಿದೆಯಾ? ಪೈರಾಂಟೆಲ್ ಒಂದೇ ಇದ್ದರೆ ಲಾಡಿಹುಳಕ್ಕೆ ನಾಟುವುದೇ ಇಲ್ಲ. ಚಿಗಟದಿಂದ ಬರುವ ಈ ಜಾತಿಗೆ ಫೆನ್‌ಬೆಂಡಜೋಲ್ ಕೂಡ ಆಗುವುದಿಲ್ಲ. ಪ್ರಾಜಿಕ್ವಾಂಟೆಲ್ ಇದ್ದೂ ಹೀಗಾಗುತ್ತಿದ್ದರೆ ತಪ್ಪು ಚಿಗಟದ್ದು. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗುತ್ತದೆ, ಹುಳದ ಮರಿ ಅದರೊಳಗೇ ಇರುತ್ತದೆ. ನಾಯಿಗೂ ಅದರ ಹಾಸಿಗೆಗೂ ಚಿಗಟದ ಚಿಕಿತ್ಸೆ ಆಗದೆ ಎಷ್ಟು ಮಾತ್ರೆ ನುಂಗಿಸಿದರೂ ಕೆಲವು ವಾರಗಳಲ್ಲಿ ಅಕ್ಕಿಕಾಳು ವಾಪಸ್.

ಪ್ರಶ್ನೆ: ಗಬ್ಬದ ನಾಯಿಗೆ ಕೊಡಬಹುದಾ?

ವೈದ್ಯರು: ಡಾಕ್ಟರ್ ನೋಡಿ ಕೊಡಬೇಕು. ಗಬ್ಬದ 40ನೇ ದಿನದಿಂದ ಮರಿ ಹಾಕಿ 14 ದಿನದವರೆಗೆ ದಿನಾ ಫೆನ್‌ಬೆಂಡಜೋಲ್ ಕೊಡುವ ಕ್ರಮ ಇದೆ, ಅದರಿಂದ ಮರಿಗಳಿಗೆ ದಾಟುವ ಹುಳು ಬಹಳ ಕಡಿಮೆಯಾಗುತ್ತದೆ. ಮೂರು ನಾಲ್ಕು ಔಷಧಿ ಸೇರಿದ ಮಾತ್ರೆಗಳನ್ನು ಮಾತ್ರ ನೀವಾಗಿಯೇ ಹಾಕಬೇಡಿ.

ಮೊದಲು ಕೇಳಿದವರು: ಡಾಕ್ಟ್ರೇ, ನಿನ್ನೆ ಕ್ಲಿನಿಕ್‌ಗೆ ಹೋಗಿ ಪೈರಾಂಟೆಲ್ ಹಾಕಿಸಿದೆವು. ಇವತ್ತು ಮಲದಲ್ಲಿ ಉದ್ದ ಬಿಳಿ ಹುಳುಗಳು ಸುರುಳಿ ಸುತ್ತಿಕೊಂಡು ಬಿದ್ದಿವೆ, ಕೆಲವು ಇನ್ನೂ ಅಲುಗುತ್ತಿವೆ! ಮನೆಯಲ್ಲಿ ಪುಟ್ಟ ಮಗು ಇದೆ, ಭಯ ಆಗ್ತಿದೆ. ದೊಡ್ಡ ನಾಯಿಗೂ ಕೊಡಬೇಕಾ?

ವೈದ್ಯರು: ಔಷಧಿ ಕೆಲಸ ಮಾಡಿದೆ. ಪೈರಾಂಟೆಲ್ ಹುಳವನ್ನು ನಿಶ್ಚೇಷ್ಟಗೊಳಿಸಿ ಹೊರಗೆ ಹಾಕುತ್ತದೆ, ಕೆಲವು ಅಲುಗುವುದು ಮಾಮೂಲು. ಒಂದೆರಡು ದಿನ ಮಲ ಸಡಿಲವಾಗಬಹುದು. ಆದರೆ ಪದೇ ಪದೇ ವಾಂತಿ, ರಕ್ತಭೇದಿ, ವಸಡು ಬೆಳ್ಳಗಾಗುವುದು, ಮರಿ ಏಳದೇ ಮಲಗಿರುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಅದು ಪಾರ್ವೊ ಎಂಬ ವೈರಸ್ ರೋಗ ಕೂಡ ಆಗಿರಬಹುದು, ಆಗ ಜಂತಿನ ಮಾತ್ರೆ ಹುಡುಕುತ್ತಾ ಕೂತರೆ ಸಮಯ ಹೋಗುತ್ತದೆ.

ಮಗುವಿನ ವಿಷಯ. ದುಂಡುಹುಳದ ಮೊಟ್ಟೆ ಹೊರಗೆ ಬಿದ್ದ ತಕ್ಷಣ ಅಂಟುವುದಿಲ್ಲ, ಮಣ್ಣಿನಲ್ಲಿ ಬಲಿಯಲು ಎರಡು ಮೂರು ವಾರ ಬೇಕು. ಬಲಿತ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಮಗುವಿನ ಹೊಟ್ಟೆಗೆ ಹೋದರೆ ಅಪರೂಪಕ್ಕೆ ಕಣ್ಣಿಗೂ ತಲುಪಿ ಹಾನಿ ಮಾಡುತ್ತದೆ. ಅದಕ್ಕೇ ಮಲವನ್ನು ಅವತ್ತವತ್ತೇ ಎತ್ತಿಬಿಡಿ. ಮಣ್ಣಲ್ಲಿ ಆಡಿದ ಮೇಲೆ, ಊಟಕ್ಕೆ ಮುಂಚೆ ಮಗುವಿನ ಕೈ ಸೋಪಿನಲ್ಲಿ ತೊಳೆಸಿ. ಮರಿಯನ್ನು ದೂರ ಇಡಬೇಕಾಗಿಲ್ಲ.

ದೊಡ್ಡ ನಾಯಿಗೂ ಇದೇ ವಾರ ಕೊಡಿಸಿ, ಅದರ ತೂಕಕ್ಕೆ ತಕ್ಕಂತೆ. ಅದರ ಮಲದಲ್ಲಿ ಏನೂ ಬೀಳದಿದ್ದರೆ ಇನ್ನೊಂದು ಡೋಸ್ ಹಾಕಬೇಡಿ. ಹುಳು ಇಲ್ಲದಿರಬಹುದು, ಲಾಡಿಹುಳವಾದರೆ ಒಳಗೇ ಜೀರ್ಣವಾಗಿಯೂ ಹೋಗಿರಬಹುದು. ಅನುಮಾನ ಇದ್ದರೆ ಎರಡು ವಾರ ಬಿಟ್ಟು ಮಲ ಪರೀಕ್ಷೆ ಮಾಡಿಸಿ.