ಸಹಾಯ ಬೇಕು: ಎಸಿಯ ತಾಮ್ರದ ಪೈಪಿನ ಜೋಡಣೆಯಲ್ಲಿ ಗ್ಯಾಸ್ ಸೋರಿಕೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ, ಜೇವರ್ಗಿ ರಸ್ತೆಯ ಕಡೆ. ಇಲ್ಲಿಯ ಬಿಸಿಲಿನ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಸದಾಗಿ ಹಾಕಿಸಿದ ಒಂದೂವರೆ ಟನ್ ಸ್ಪ್ಲಿಟ್ ಎಸಿ ಈಗ ಬರೀ ಗಾಳಿ ಬೀಸುತ್ತಿದೆ. ಅದರಲ್ಲಿರುವ ತಂಪುಗೊಳಿಸುವ ಗ್ಯಾಸ್ ಆರ್-32.

ಒಳಗಿನ ಯೂನಿಟ್‌ನ ಹಿಂದೆ ಅರ್ಧ ಇಂಚಿನ ಪೈಪಿನ ನಟ್‌ಗೆ ಸೋಪಿನ ನೀರು ಹಚ್ಚಿದಾಗ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಕಾಲು ಇಂಚಿನ ಪೈಪಿನಲ್ಲಿ ಸೋರಿಕೆ ಇಲ್ಲ. ಮೆಕ್ಯಾನಿಕ್ ನಟ್ಟನ್ನು ಇನ್ನಷ್ಟು ಬಿಗಿದರೂ ನಿಲ್ಲಲಿಲ್ಲ. ಉಳಿದ ಗ್ಯಾಸ್ ತೆಗೆದು ಬಿಚ್ಚಿ ನೋಡಿದರೆ ಫ್ಲೇರ್‌ನ (ನಟ್‌ ಬಿಗಿಯಲು ಆಲಿಕೆಯಂತೆ ಅಗಲಿಸಿದ ಪೈಪಿನ ತುದಿ) ಅಂಚು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಒಳಮೈಯಲ್ಲಿ ಉಗುರಿಗೆ ತಾಗುವಂಥ ಗೀರು.

ಈ ಮೆಕ್ಯಾನಿಕ್ ಬೆಸುಗೆ ಹಾಕಿಬಿಡೋಣ ಎನ್ನುತ್ತಾರೆ. ಇನ್ನೊಬ್ಬ ಮೆಕ್ಯಾನಿಕ್ ತುದಿ ಕತ್ತರಿಸಿ ಹೊಸ ಫ್ಲೇರ್ ಮಾಡಿದರೆ ಸಾಕು ಎನ್ನುತ್ತಾರೆ. ಪೈಪಿನೊಳಗಿನ ಗಾಳಿ, ತೇವ ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪ್ ಮಾತ್ರ ಇಬ್ಬರ ಬಳಿಯೂ ಇಲ್ಲ! ಅದಿಲ್ಲದೆಯೇ ಸ್ವಲ್ಪ ಗ್ಯಾಸ್ ಹಾಯಿಸಿ ಪೈಪಿನ ಗಾಳಿ ಹೊರದೂಡಬಹುದಂತೆ. ಕೈಪಿಡಿಯಲ್ಲಿ ವ್ಯಾಕ್ಯೂಮ್ ಕಡ್ಡಾಯ ಎಂದೇ ಇದೆ, ನನಗೂ ಅದೇ ಸರಿ ಎನಿಸುತ್ತದೆ.

ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ: ಬೆಸುಗೆಯೋ, ಹೊಸ ಫ್ಲೇರೋ? ವ್ಯಾಕ್ಯೂಮ್ ಆದ ಮೇಲೆ ಗ್ಯಾಸನ್ನು ಹೊರಗಿನ ಯೂನಿಟ್‌ನ ಚೀಟಿಯಲ್ಲಿರುವ ತೂಕದಂತೆಯೇ ತುಂಬಿಸಬೇಕೇ, ಒತ್ತಡ ನೋಡಿ ತುಂಬಿಸಿದರೆ ಸಾಕೇ?